ಮೊಬೈಲಿನ ನಕ್ಷೆ ಮತ್ತು ಮನೆಯವರ ನಂಬಿಕೆ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ರಾತ್ರಿ ಪಾಳಿಗೆಂದು ತೆರಳಿದ ಮಗನು ಹೊತ್ತು ಮೀರಿದರೂ ಮರಳದಿದ್ದರೆ ವಡ್ಡು ಗ್ರಾಮದ ತಾಯಿಯು ಹಿಂದೆ ಬಾಗಿಲಲ್ಲಿ ಕುಳಿತು ಹಾದಿ ಕಾಯಬೇಕಾಗಿತ್ತು. ಇಂದು ಆಕೆಯು ಮೊಬೈಲಿನ ನಕ್ಷೆಯನ್ನು ನೋಡಬಹುದು. ಆ ನಕ್ಷೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ವಿಚಾರಾರ್ಹವಾಗಿದೆ.

ಉಪಗ್ರಹವು ಮನುಷ್ಯನನ್ನು ಹಿಂಬಾಲಿಸುತ್ತದೆಂಬ ಕಲ್ಪನೆ ಸರಿಯಲ್ಲ. ಅದು ಕಾಲಸೂಚಕ ಸಂಕೇತಗಳನ್ನು ಬಿತ್ತರಿಸುತ್ತದೆ, ಅಷ್ಟೆ. ಕನಿಷ್ಠ 4 ಉಪಗ್ರಹಗಳ ಸಂಕೇತಗಳು ಬಂದು ಸೇರಿದ ವೇಳೆಯ ಅಂತರದಿಂದ ಮೊಬೈಲು ತಾನಿರುವ ಸ್ಥಳವನ್ನು ತಾನೇ ಗಣಿಸಿ, ಅಂತರ್ಜಾಲದ ಮೂಲಕ ಮನೆಯವರಿಗೆ ತಿಳಿಸುತ್ತದೆ. ತೆರೆದ ಬಯಲಿನಲ್ಲಿ ತಪ್ಪು ಕೆಲವೇ ಮೀಟರುಗಳಷ್ಟು. ಸಂಡೂರಿನ ಬೆಟ್ಟಗಳ ಕಣಿವೆಯಲ್ಲಿ, ತಗಡಿನ ಚಾವಣಿಯ ಕೆಳಗೆ, ಸಂಕೇತಗಳು ಕ್ಷೀಣಿಸುತ್ತವೆ. ಆಗ ಟವರುಗಳ ಆಧಾರದಿಂದ ಊಹಿಸಿದ ಸ್ಥಳವು ಕಿಲೋಮೀಟರುಗಳಷ್ಟು ತಪ್ಪಬಹುದು. ಬ್ಯಾಟರಿ ಮುಗಿದರಂತೂ ಚುಕ್ಕೆಯು ಹಿಂದಿನ ಸ್ಥಳದಲ್ಲಿಯೇ ನಿಂತಿರುತ್ತದೆ. ಆದುದರಿಂದ ಚುಕ್ಕೆಯೊಡನೆ ಅದರ ಸಮಯವನ್ನೂ ಓದಬೇಕು.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಮೊಕದ್ದಮೆ ಸರ್ಕಾರದ ವಿರುದ್ಧವಾಗಿದ್ದರೂ ಅದರ ವಿವೇಕವು ಮನೆಗೂ ಸಲ್ಲುತ್ತದೆ. ಮಡದಿಯ ಅಥವಾ ಬೆಳೆದ ಮಕ್ಕಳ ಜಾಡನ್ನು ಗುಟ್ಟಾಗಿ ಹಿಡಿದರೆ ಕಾಳಜಿಯು ಕಾವಲಾಗಿ ಮಾರ್ಪಡುತ್ತದೆ. ಗುಟ್ಟು ಬಯಲಾದ ದಿನ ಮೊಬೈಲನ್ನು ಮನೆಯಲ್ಲಿಯೇ ಬಿಟ್ಟು ಹೋಗುವವರೂ ಉಂಟು. ನಿಜವಾದ ಆಪತ್ತಿನಲ್ಲಿ ಅಂಥವರನ್ನು ಹುಡುಕುವ ಬಗೆಯೇ ಇರದು.

ವಾಟ್ಸಾಪಿನಲ್ಲಿ 15 ನಿಮಿಷ, 1 ಗಂಟೆ ಅಥವಾ 8 ಗಂಟೆಗಳ ಅವಧಿಗೆ ಮಾತ್ರ ಸ್ಥಳವನ್ನು ಹಂಚಿಕೊಳ್ಳುವ ಅನುಕೂಲವಿದೆ. ಎಂಟು ಗಂಟೆಯೆಂದರೆ ಒಂದು ಪಾಳಿಯ ಅವಧಿ. ಪರಸ್ಪರ ಕೇಳಿ, ಒಪ್ಪಿ, ಅಷ್ಟನ್ನೇ ಬಳಸುವ ಮನೆಯಲ್ಲಿ ನಕ್ಷೆಯೂ ಉಪಕಾರಿ, ನಂಬಿಕೆಯೂ ಸುರಕ್ಷಿತ.