ಉಳವಿಯಿಂದ ಕಡಲಿನೆಡೆಗೆ

ಭಾರತ ಹುಣ್ಣಿಮೆಯ ಜಾತ್ರೆಗೆ ಉಳವಿಗೆ ತೆರಳುವ ಕುಟುಂಬಗಳು ಚನ್ನಬಸವಣ್ಣನವರ ಸಮಾಧಿಯ ದರ್ಶನ ಪಡೆದು ಬಂದ ದಾರಿಯಲ್ಲಿಯೇ ಹಿಂದಿರುಗುವುದು ರೂಢಿ. ಹಾಗೆ ಹಿಂದಿರುಗುತ್ತಲೇ ನಮ್ಮ ತಾಯಿಯವರು ಒಮ್ಮೆಯೂ ಕಡಲನ್ನು ಕಾಣದೆ ಲಿಂಗೈಕ್ಯರಾದರು. "ಮುಂದಿನ ವರುಷ ನೋಡೋಣವ್ವ" ಎಂದು ಮುಂದೂಡಿದವನು ನಾನೇ. ಆ ಕೊರಗು ಇಂದಿಗೂ ಮಾಸಿಲ್ಲ.

ಆದುದರಿಂದ ಸದ್ಭಕ್ತರಲ್ಲಿ ಅರಿಕೆ: ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಅಣಶಿ ಘಟ್ಟವಿಳಿದು ಕಾರವಾರವನ್ನು ಕಂಡು ಬನ್ನಿರಿ. ಆ ಕಾಡುಗಳ ನಡುವೆ ಹರಿದ ಕಾಳೀ ನದಿಯು ಅಲ್ಲಿ ಅರಬ್ಬೀ ಸಮುದ್ರದಲ್ಲಿ ಬೆರೆಯುತ್ತದೆ. 1880ರ ದಶಕದಲ್ಲಿ ತರುಣ ರವೀಂದ್ರನಾಥ ಠಾಕೂರರ ಮನಸೆಳೆದ ತೀರವದು. ಘಟ್ಟದ ತಿರುವುಗಳನ್ನು ಹಗಲಿನಲ್ಲಿಯೇ ದಾಟಿರಿ. ಮಾಘದ ಕಡಲು ಮುಂಗಾರಿನಷ್ಟು ಉಗ್ರವಲ್ಲವಾದರೂ ಮಕ್ಕಳ ಕೈಬಿಡಬೇಡಿರಿ.

ತೀರದಲ್ಲಿ ಸಂಜೆಯ ಇಷ್ಟಲಿಂಗಪೂಜೆ, ಬುತ್ತಿಯ ರೊಟ್ಟಿ, ಇಷ್ಟು ಸಾಕು. ಮನೆಯ ಹಿರಿಯರನ್ನು ಮಾತ್ರ "ಮುಂದಿನ ವರುಷ" ಎಂದು ಕಾಯಿಸಬೇಡಿರಿ.