‘ಅದು’ ‘ಅವನು’ ಆದ ಗಳಿಗೆ

ಇಂದಿನ ಇಂಗ್ಲಿಷಿನಲ್ಲಿ ‘ನೀನು’, ‘ನೀವು’ಗಳ ಭೇದವಿಲ್ಲ. ಇಬ್ಬರ ನಡುವಿನ ಸಲಿಗೆಯನ್ನೋ ದೂರವನ್ನೋ ಸೂಚಿಸಲು ಆ ಭಾಷೆ ಪದವಿಯನ್ನು, ಹೆಸರನ್ನು ಆಶ್ರಯಿಸಬೇಕು. ಅಮೆರಿಕದ ‘ಸ್ಟಾರ್ ಟ್ರೆಕ್’ ಧಾರಾವಾಹಿಗಳನ್ನು ನೋಡುವಾಗ ನನ್ನ ಕಿವಿ ಬಾಹ್ಯಾಕಾಶದ ಕದನಗಳಿಗಿಂತ ಈ ಸಂಬೋಧನೆಗಳತ್ತಲೇ ಹೊರಳುತ್ತದೆ.

1966ರಲ್ಲಿ ಆರಂಭವಾದ ಮೊದಲ ಸರಣಿಯಲ್ಲಿ ಕ್ಯಾಪ್ಟನ್ ಕಿರ್ಕ್ ವೈದ್ಯ ಮೆಕಾಯ್‌ಗೆ ಸಲೀಸಾಗಿ ‘ಜಿಮ್’. ಭಾವನೆಗಳನ್ನು ಹತ್ತಿಕ್ಕಿಕೊಂಡ ಸ್ಪಾಕ್‌ಗೆ ಸಾಮಾನ್ಯವಾಗಿ ‘ಕ್ಯಾಪ್ಟನ್’. 1967ರ ‘ಅಮಾಕ್ ಟೈಮ್’ ಕಂತಿನಲ್ಲಿ, ತನ್ನ ಕೈಯಿಂದಲೇ ಸತ್ತನೆಂದು ನಂಬಿದ್ದ ಗೆಳೆಯ ಜೀವಂತವಾಗಿ ಎದುರು ನಿಂತಾಗ, ಸ್ಪಾಕ್‌ನ ಬಾಯಿಂದ ‘ಕ್ಯಾಪ್ಟನ್’ನ ಬೆನ್ನಿಗೇ ‘ಜಿಮ್’ ಹೊರಬೀಳುತ್ತದೆ, ಮುಖದ ತುಂಬ ನಗೆಯೊಡನೆ. ಮರುಕ್ಷಣ ಆತ ಸಾವರಿಸಿಕೊಳ್ಳುತ್ತಾನೆ, ನಿಜ. ಆದರೆ ಗುಟ್ಟು ರಟ್ಟಾಗಿರುತ್ತದೆ.

1987ರಲ್ಲಿ ಬಂದ ‘ದಿ ನೆಕ್ಸ್ಟ್ ಜನರೇಷನ್’ ಈ ಸೂಕ್ಷ್ಮವನ್ನು ಇನ್ನೂ ಆಳಕ್ಕೆ ಒಯ್ದಿತು. ಅಲ್ಲಿನ ಅಧಿಕಾರಿ ಡೇಟಾ ಒಬ್ಬ ಯಂತ್ರಮಾನವ. ಹೊಸದಾಗಿ ಬಂದ ವೈದ್ಯೆ ಪುಲಾಸ್ಕಿ ಆತನ ಹೆಸರನ್ನು ತಪ್ಪಾಗಿ ಉಚ್ಚರಿಸಿ, ಅದರಿಂದೇನು ವ್ಯತ್ಯಾಸ ಎನ್ನುತ್ತಾಳೆ. ಒಂದು ತನ್ನ ಹೆಸರು, ಇನ್ನೊಂದು ಅಲ್ಲ ಎಂಬುದು ಡೇಟಾನ ಶಾಂತ ಉತ್ತರ.

1989ರ ‘ದಿ ಮೆಷರ್ ಆಫ್ ಎ ಮ್ಯಾನ್’ ಕಂತಿನಲ್ಲಿ ಸರ್ವನಾಮವೇ ಸಾವು-ಬದುಕಿನ ಪ್ರಶ್ನೆಯಾಗುತ್ತದೆ. ಡೇಟಾನನ್ನು ಬಿಚ್ಚಿ ಪರೀಕ್ಷಿಸಿ, ಅಂಥ ನೂರಾರನ್ನು ತಯಾರಿಸಬೇಕೆಂಬುದು ವಿಜ್ಞಾನಿ ಮ್ಯಾಡಕ್ಸ್‌ನ ಹಂಬಲ. ಆತನ ಮಾತಿನಲ್ಲಿ ಡೇಟಾ ‘ಅದು’. ಅದು ಗಾಲಿಯ ಮೇಲಿನ ಪೆಟ್ಟಿಗೆಯಾಗಿದ್ದರೆ ಯಾರೂ ತಕರಾರು ಎತ್ತುತ್ತಿರಲಿಲ್ಲ ಎಂಬುದು ಆತನ ವಾದ. ಮಗುವನ್ನು ನಾವೂ ‘ಅದು’ ಎನ್ನುತ್ತೇವೆ. ಅಲ್ಲಿ ಅದು ಮುದ್ದು. ಮ್ಯಾಡಕ್ಸ್‌ನ ‘ಅದು’ವಿನಲ್ಲಿ ಸ್ಕ್ರೂಡ್ರೈವರ್ ಅಡಗಿದೆ. ಇತ್ತ ಕ್ಯಾಪ್ಟನ್ ಪಿಕಾರ್ಡ್‌ಗೆ ಆತ ‘ಮಿಸ್ಟರ್ ಡೇಟಾ’. ಅಂಥ ಸಾವಿರಾರು ಜೀವಿಗಳನ್ನು ಸೃಷ್ಟಿಸಿ ದುಡಿಸಿಕೊಂಡರೆ ಅದು ಗುಲಾಮಗಿರಿಯಲ್ಲವೇ ಎಂದು ವಿಚಾರಣೆಯಲ್ಲಿ ಪಿಕಾರ್ಡ್ ಕೇಳುತ್ತಾರೆ. (ಪಿಕಾರ್ಡ್‌ಗೆ ಬಹುವಚನ, ಡೇಟಾಗೆ ‘ಆತ’: ನನ್ನ ಲೇಖನಿಯೂ ತಾರತಮ್ಯ ಮಾಡಿತು. ಮನೆಗೆಲಸಕ್ಕೆ ಬರುವ ಹಿರಿಯ ಹೆಂಗಸನ್ನು ‘ಅವಳು’ ಎನ್ನುವ ನಮ್ಮ ಮನೆಗಳ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ.)

ತನ್ನ ಬದುಕಿನ ಆಯ್ಕೆ ಡೇಟಾನದೇ ಎಂದು ನ್ಯಾಯಾಧಿಕಾರಿ ಲುವಾ ತೀರ್ಪು ನೀಡುತ್ತಾಳೆ. ಸೋತ ಮ್ಯಾಡಕ್ಸ್ ಡೇಟಾನನ್ನು ನೋಡಿ, ಅವನು ಅಸಾಧಾರಣ ಎನ್ನುತ್ತಾನೆ. ‘ಅದು’ ಎನ್ನಲಿಲ್ಲವಲ್ಲ ಎಂದು ಆಕೆ ಮೆಲ್ಲನೆ ಗುರುತಿಸುತ್ತಾಳೆ.