ಗೆರೆಗೆ ಗಂಟಲು ಕೊಟ್ಟವರು

ಬಗ್ಸ್ ಬನ್ನಿ ಎಂದೊಡನೆ ಉದ್ದ ಕಿವಿ, ಕೈಯಲ್ಲಿನ ಗಜ್ಜರಿ ನೆನಪಾಗುತ್ತವೆ. ಆ ಮೊಲಕ್ಕೆ ಮಾತು ಕೊಟ್ಟ ಮೆಲ್ ಬ್ಲಾಂಕ್ ನೆನಪಾಗುವುದಿಲ್ಲ. ಚಿತ್ರ ಬರೆದಾದ ಮೇಲೆ ದನಿ ಅಂಟಿಸುತ್ತಾರೆ ಎಂಬುದು ನಮ್ಮ ಊಹೆ. ಹಾಲಿವುಡ್‌ನ ವಾರ್ನರ್ ಕಾರ್ಟೂನುಗಳಲ್ಲಿ ನಡೆಯುತ್ತಿದ್ದುದು ಸಾಮಾನ್ಯವಾಗಿ ತಿರುವುಮುರುವು. ಮೊದಲು ಸಂಭಾಷಣೆಯ ಧ್ವನಿಮುದ್ರಣ. ಅದನ್ನು ಆಧರಿಸಿಯೇ ಚಿತ್ರಕಾರರು ತುಟಿಯ ಚಲನೆ, ಹುಬ್ಬಿನ ಕೊಂಕು ಬರೆಯುತ್ತಿದ್ದರು. ಅಂದಮೇಲೆ ನಟನೆಯ ಅರ್ಧ ಪಾಲು ಗಂಟಲಿನದೇ. ಡ್ಯಾಫಿ ಬಾತುಕೋಳಿಗೂ ಸಿಲ್ವೆಸ್ಟರ್ ಬೆಕ್ಕಿಗೂ ಬ್ಲಾಂಕ್ ಕೊಟ್ಟದ್ದು ಹೆಚ್ಚುಕಡಿಮೆ ಒಂದೇ ಎಂಜಲು ಸಿಡಿಯುವ ಉಚ್ಚಾರ. ಬಾತುಕೋಳಿಯ ದನಿಯ ವೇಗ ಹೆಚ್ಚಿಸಿದರು, ಅಷ್ಟೇ. ಆದರೂ ಒಬ್ಬ ಹೊಟ್ಟೆಕಿಚ್ಚಿನ ಬಾಯಿಬಡುಕ, ಇನ್ನೊಬ್ಬ ಸದಾ ಪೆಚ್ಚಾಗುವ ಬೇಟೆಗಾರ.

ಹಾಗಾದರೆ ಹೆಚ್ಚುಕಡಿಮೆ ಮಾತೇ ಆಡದ ಟಾಮ್ ಮತ್ತು ಜೆರ್ರಿ ಹೇಗೆ ಗೆದ್ದರು ಎಂದು ಕೇಳಬಹುದು. ಅಲ್ಲಿ ಮಾತು ಅಪರೂಪ, ದನಿ ಇದೆ: ಟಾಮ್‌ನ ಆ ಪ್ರಸಿದ್ಧ ಚೀರಾಟ ನಿರ್ದೇಶಕ ವಿಲಿಯಂ ಹನ್ನಾ ಅವರದೇ. 1989ರಲ್ಲಿ ಬ್ಲಾಂಕ್ ತೀರಿಕೊಂಡ ಮೇಲೂ ಬಗ್ಸ್ ಬದುಕಿದೆಯಲ್ಲ, ನಟ ಯಾರಾದರೇನು ಎಂಬ ತಕರಾರು ಇನ್ನೂ ಗಟ್ಟಿಯಾದದ್ದು. ಆದರೆ ಆನಂತರ ಬಂದವರೆಲ್ಲ ಬ್ಲಾಂಕ್ ದನಿಯನ್ನೇ ಹೋಲಬೇಕಾಯಿತು. ಮೊಲದ ಚಹರೆಯನ್ನು ಚಿತ್ರಕಾರರು ಆಗಾಗ ತಿದ್ದಿದ್ದಾರೆ, ದನಿಯನ್ನು ಬದಲಿಸುವ ಧೈರ್ಯ ಯಾರಿಗೂ ಬರಲಿಲ್ಲ. ಇಷ್ಟಾದರೂ ಸಂಬಳ ಹೆಚ್ಚಿಸಲು ಒಪ್ಪದ ನಿರ್ಮಾಪಕ ಬದಲಿಗೆ ತೆರೆಯ ಮೇಲೆ ಹೆಸರು ಕೊಟ್ಟ ಎಂದು ಬ್ಲಾಂಕ್ ಹೇಳಿಕೊಂಡಿದ್ದರು. ಅದೇ ಕಾರ್ಟೂನುಗಳ ಇನ್ನೊಂದು ಪಾತ್ರ ಎಲ್ಮರ್ ಫಡ್‌ಗೆ ದನಿಯಾದ ಆರ್ಥರ್ ಬ್ರಯಾನ್‌ಗೆ ಅದೂ ದಕ್ಕಲಿಲ್ಲ.